ಡ್ರಮ್ಮಿಗೆ ಬಳದ ವಿಭೂತಿ

ಮೆಕ್ಕಿಜ್ವಾಳದ ಒಣ ದಂಟು, ಅಂದ್ರ ಕಣಕಿ, ಅದರಿಂದ ಸಕ್ಕರಿ ತೆಗೆಯೋ ಕೆಲಸಕ್ಕ ಸೇರಿದ ಮ್ಯಾಲ ನಗಾಕ ಬ್ಯಾರೆ ಕಡೆ ಹೋಗೂ ಗರಜು ನನಗ ಬಿದ್ದಿಲ್ಲ. ಯರಗಟ್ಟಿ ಹತ್ರ ನಮ್ಮದೊಂದು ಸಣ್ಣ ಪ್ರಯೋಗದ ಘಟಕ. ಮಷೀನು ನನ್ನ ಜಿಮ್ಮಾ, ತಲಿ ನಮ್ಮ ವಿಜ್ಞಾನಿ ಮೇಡಂ ಅವರದು.

೧. ರುಚಿ ನೋಡಿದ ಗೌಡ್ರು

ಸುಗ್ಗಿ ಮುಗದಿತ್ತು. ಕಣಕಿ ಕೊಡ್ರಿ ಅಂತ ಕೇಳಾಕ ಊರ ಗೌಡ್ರನ್ನ ಕರಸಿದ್ವಿ. ರೈತರು ಒಲ್ಲೆ ಅಂದ್ರ ಘಟಕಕ್ಕ ಕೀಲಿ ಬೀಳೂದು ಖರೆ.

ಗೌಡ್ರು ಒಂದು ದಂಟು ಕಚ್ಚಿ, ಅಗದು, ಥೂ ಅಂದ್ರು. "ಸಪ್ಪನ್ನ ಸಪ್ಪ! ಎಲ್ಲೈತ್ರಿ ಸಕ್ಕರಿ?"

"ನಾರಿನಾಗ ಅಡಗೇತ್ರಿ. ಉಗಿಯೊಳಗ ಬೇಯಿಸಿ ಕಿಣ್ವ ಹಾಕಿದ್ರ ಬಿಚ್ಚಿಕೋತೈತಿ" ಅಂದ್ರು ಮೇಡಂ.

ಚಾಕ್ಕ ತರಸಿದ್ದ ಸಕ್ಕರಿ ಚೀಲ ಅದ ಹೊತ್ತಿಗೆ ಗೇಟಿನಾಗ ಬರಬೇಕ? ಗೌಡ್ರು ಚೀಲ ನೋಡಿದ್ರು, ಮೇಡಂ ಮುಖ ನೋಡಿದ್ರು. "ಹಾಂ, ಬಂತು ನೋಡ್ರಿ ಕಿಣ್ವ!"

೨. ಸಕ್ಕರಿ ಬಂದ್

ಊರ ತುಂಬ ಒಂದ ಮಾತು: ಇವರು ಅಂಗಡಿ ಸಕ್ಕರಿ ತಂದು ಕಲಸ್ತಾರ. ಬ್ಯಾರೆ ಯಾರರ ಆಗಿದ್ರ ಜಗಳ ತಗೀತಿದ್ರು. ಮೇಡಂ ಗೇಟಿನೊಳಗ ಸಕ್ಕರೀನ ಬಂದ್ ಮಾಡಿದ್ರು. ಎಲ್ಲಾರಿಗೂ ಸಪ್ಪನ್ನ ಚಾ.

ನನ್ನ ಕೆಲಸ ನೋಡಾಕ ಕಿತ್ತೂರಿಂದ ಬೀಗರು ಬಂದ್ರು. ಒಂದು ಗುಟುಕು ಕುಡದು, "ಏನ್ರಿ, ಇಲ್ಲೆ ಎಲ್ಲಾರಿಗೂ ಶುಗರ್ ಐತೇನು?" ಅಂದ್ರು.

"ಇಲ್ರಿ, ಇಲ್ಲೆ ಸಕ್ಕರಿ ತಯಾರು ಮಾಡ್ತೀವಿ" ಅಂದೆ. ಬೀಗರು ಕಪ್ಪು ಕೆಳಗಿಟ್ರು.

೩. ರಾಶಿ ಮುದ್ರಿ

ಕಡೀಕ ಗೌಡ್ರ ಅವ್ವ ಒಂದು ಹೊರಿ ಕಣಕಿ ಹೊರಿಸಿಕೊಂಡು ತಾವ ಬಂದ್ರು. "ಕಣಕಿ ನಂದು, ಡ್ರಮ್ಮು ನಿಮ್ದು. ನಡುವ ಯಾರೂ ಕೈ ಹಾಕಬಾರ್ದು." ಬೇಯಿಸಿದ ಕಣಕಿಗೆ ನಾವು ಕಿಣ್ವ ಹಾಕಿ ಮುಚ್ಚಿದ್ದ ತಡ, ಕಣದಾಗ ಜ್ವಾಳದ ರಾಶಿಗೆ ಮುದ್ರಿ ಹಾಕಿದಂಗ ಅಜ್ಜಿ ಮುಚ್ಚಳದ ಸುತ್ತ ವಿಭೂತಿ ಬಳದ್ರು. "ಯಾರರ ತಗದ್ರ ಗೊತ್ತಾಗ್ತೈತಿ!"

ಆಗಾಗ ತಗದು ನೋಡಬೇಕಾದ ಡ್ರಮ್ಮು ಅದು. ಕೆಟ್ಟು ಹೋದ್ರ ಗತಿ ಏನು ಅಂತ ಮೇಡಂನ್ನ ಕೇಳಿದೆ. ಅವರು ಮಾತ್ರ, "ಇರ್ಲಿ ಬಿಡ್ರಿ, ಅಜ್ಜಿ ನಂಬಬೇಕಲ್ಲ" ಅಂದ್ರು. ಎಂಥಾ ಧೈರ್ಯ ಅಂತೀನಿ!

ಎರಡು ದಿನ ಬಿಟ್ಟು ಊರವರ ಮುಂದ ತಗದ್ವಿ. ಮೊದಲು ಮೇಡಂ ನೆಕ್ಕಿದ್ರು, ಆಮ್ಯಾಲ ಅಜ್ಜಿ. "ಅಯ್ಯ ಶಿವನ! ಬೆಲ್ಲದ ನೀರು!" ಗೌಡ್ರು ಮತ್ತ ಮತ್ತ ಬೆರಳು ಅದ್ದಿದ್ರು. ನನಗ ಅಳುನೂ ಬಂತು, ನಗುನೂ ಬಂತು.

"ನಂಬಿಕಿ ಬಂತೇನ್ರಿ ಅಜ್ಜಿ?" ಅಂತ ಮೇಡಂ ಕೇಳಿದ್ರು.

"ಬಂತ್ ಬಿಡವಾ. ನಿನ್ನ ಔಷಧ ಏನೋ ನಾ ಅರಿಯೆ. ನನ್ನ ವಿಭೂತಿ ಮಾತ್ರ ಭಾರಿ ಕೆಲಸ ಮಾಡೇತಿ!"

ಆ ಕಿಣ್ವಕ್ಕಂತ ವರ್ಷಗಟ್ಟಲೆ ದುಡದವರು ಮೇಡಂ. "ಹೌದ್ರಿ ಅಜ್ಜಿ. ನಾಳಿ ದೊಡ್ಡ ಟ್ಯಾಂಕಿಗೂ ಬಳದು ಹೋಗ್ರಿ" ಅಂದ್ರು.

ಮರುದಿನ ಗೇಟಿನ ಮುಂದ ಕಣಕಿ ಟ್ರ್ಯಾಕ್ಟರ್ ಪಾಳಿ ಹಚ್ಚಿದ್ವು. ಎಲ್ಲಾರಕಿಂತ ಮುಂದ ಅಜ್ಜಿ, ಸೆರಗಿನ ತುದಿಗೆ ವಿಭೂತಿ ಗಂಟು.

"ಎಲ್ಲೈತಿ ಟ್ಯಾಂಕು? ಏಣಿ ತರ್ರಿ!"