ಒಂದು ಗೇಣು ಎಡಕ್ಕೆ ಕೂತ ಸೀಟು

ನಡಿಗೆ ನೋಡಿ ಮನುಷ್ಯನ ಸ್ವಭಾವ ಹೇಳುವವರಿದ್ದಾರೆ. ನನ್ನನ್ನು ಕೇಳಿದರೆ ನಡಿಗೆಯಲ್ಲಿ ಏನೂ ಇಲ್ಲ. ನಾಲ್ಕು ಜನ ನೋಡುತ್ತಿದ್ದಾರೆ ಎಂದು ಗೊತ್ತಾದರೆ ಯಾರು ಬೇಕಾದರೂ ನಡಿಗೆ ತಿದ್ದಿಕೊಳ್ಳುತ್ತಾರೆ. ತಿದ್ದಿಕೊಳ್ಳಲಾಗದ್ದು ಕೂರುವ ರೀತಿ. ನಮ್ಮ ಬೀದಿಯ ಟೈಲರ್ ಮದುವೆ ಊಟಕ್ಕೆ ಕೂತರೂ ಅವರ ಪಾದ ಟೇಬಲ್ಲಿನ ಕೆಳಗೆ ಹೊಲಿಯುತ್ತಲೇ ಇರುತ್ತದೆ, ಎದುರಿನವರ ಪಾಯಸ ತುಳುಕುತ್ತದೆ. ಬಸ್ ಕಂಡಕ್ಟರ್ ಆಗಿದ್ದ ನನ್ನ ಭಾವ ಸೋಫಾದ ಮೇಲೂ ಅಂಚಿಗೇ ಕೂರುತ್ತಾರೆ, ಯಾವ ಸ್ಟಾಪಿನಲ್ಲಿ ಏಳಬೇಕಾಗುತ್ತದೋ ಎಂದು. ಇವರನ್ನೆಲ್ಲ ನೋಡಿ ನಗುತ್ತಿದ್ದ ನನಗೆ, ನಾನು ಹೇಗೆ ಕೂರುತ್ತೇನೆ ಎಂಬುದು ಐವತ್ತು ದಾಟುವವರೆಗೂ ಗೊತ್ತಿರಲಿಲ್ಲ. ಗೊತ್ತಾದದ್ದು ಜೀಪಿಗೆ ಹೊಸ ಸೀಟು ಹಾಕಿಸಿದ ಮೇಲೆ.

ಈಗ ಹೊಸನಗರದಲ್ಲಿ ನನ್ನದೊಂದು ಪಂಪ್‌ಸೆಟ್ ಬಿಡಿಭಾಗಗಳ ಅಂಗಡಿ. ಅದಕ್ಕೆ ಮುಂಚೆ ಹೊಸನಗರ, ನಗರ, ನಿಟ್ಟೂರು ಲೈನಿನಲ್ಲಿ ಬಹಳ ವರ್ಷ ಬಾಡಿಗೆ ಜೀಪು ಓಡಿಸಿದವನು. ಆ ಜೀಪುಗಳಲ್ಲಿ ಕೂತವರಿಗೆ ನಾನು ಹೇಳುವುದು ತಟ್ಟನೆ ಅರ್ಥವಾಗುತ್ತದೆ; ಕೂರದವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಹಿಂದೆ ಎದುರುಬದುರು ಎರಡು ಬೆಂಚು. ಅದರಲ್ಲಿ ಮೊದಲು ಹಿಡಿಸುವಷ್ಟು ಜನ, ಆಮೇಲೆ ಹಿಡಿಸದಷ್ಟು ಜನ. ಮುಂದೆ ಡ್ರೈವರಿನ ಎಡಕ್ಕೆ ಮೂವರು. ಅವರಲ್ಲಿ ಡ್ರೈವರಿಗೆ ತಾಗಿ ಕೂತವರು ಗೇರುಕೋಲಿನ ಆಚೆಗೊಂದು ಈಚೆಗೊಂದು ಕಾಲು ಹಾಕಿಕೊಳ್ಳಬೇಕು, ಗೇರು ಬದಲಿಸುವಾಗಲೆಲ್ಲ ನಾನು "ಸ್ವಲ್ಪ ಕಾಲು" ಎನ್ನಬೇಕು. ಅಲ್ಲಿ ಹೆಂಗಸರನ್ನು ಕೂರಿಸುವ ಪದ್ಧತಿ ಇಲ್ಲ. ಅವರ ಗಂಡಂದಿರನ್ನು ಕೂರಿಸುತ್ತಿದ್ದೆವು. ಇಷ್ಟೂ ಆದ ಮೇಲೆ ಓಡಿ ಬಂದು ಕೈ ಅಡ್ಡ ಹಾಕಿದವರಿಗೆ ಡ್ರೈವರಿನ ಬಲಗಡೆ ಜಾಗ. ಅವರು ಅರ್ಧ ಒಳಗೆ, ಅರ್ಧ ಹೊರಗೆ. ಡ್ರೈವರ್ ಆದವನು ಒಂದು ಗೇಣು ಎಡಕ್ಕೆ ಸರಿದು, ಓರೆಯಾಗಿ ಕೂತು, ಬಲಕ್ಕೆ ಕೈಚಾಚಿ ಸ್ಟೇರಿಂಗ್ ತಿರುಗಿಸಬೇಕು. ಪೊಲೀಸರು ಇರುವ ತಿರುವಿನಲ್ಲಿ ಬಲಗಡೆಯವರು ತಾವಾಗಿಯೇ ಇಳಿದು ಗದ್ದೆಯಂಚಿನಲ್ಲಿ ನಡೆದುಬಂದು ಮುಂದೆ ಹತ್ತಿಕೊಳ್ಳುತ್ತಿದ್ದರು. ಕಾಲ ಬದಲಾಯಿತು, ಲೈನು ಬಿಟ್ಟೆ. ಜೀಪನ್ನು ಮಾತ್ರ ಮಾರಲು ಮನಸ್ಸಾಗಲಿಲ್ಲ.

ನನ್ನ ಹೆಂಡತಿ ಶೈಲಾ ಪ್ರಾಥಮಿಕ ಶಾಲೆಯ ಟೀಚರ್. ಈ ಸಲ ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ಅವಳಿಗೆ ಮುಖ್ಯ ಶಿಕ್ಷಕಿಯಾಗಿ ಬಡ್ತಿ ಬಂತು. ಶಾಲೆ ಮಾತ್ರ ಕವಲೇದುರ್ಗ ಕೋಟೆಯ ಕೆಳಗಿನ ಊರಿನದು. ಹೊಸನಗರದಿಂದ ಬಸ್ಸು ಬದಲಿಸುತ್ತ ಹೋಗುವವರು ಬೆಳಗಿನ ಪ್ರಾರ್ಥನೆಗೆಂದು ಹೊರಟರೆ ಬಿಸಿಯೂಟಕ್ಕೆ ಮುಟ್ಟುತ್ತಾರೆ. ಕೊನೆಯ ತುಂಡು ಮಣ್ಣುರಸ್ತೆ. ಮಳೆ ಹಿಡಿದರೆ ಅಲ್ಲಿ ಸ್ಕೂಟರನ್ನು ನಾವೇ ಹೊರಬೇಕು. ಬಡ್ತಿ ಬೇಕೋ ಬೇಡವೋ ಎಂದು ಶನಿವಾರದೊಳಗೆ ಹೇಳಬೇಕಿತ್ತು. ಬೇಡ ಎಂದರೆ ಮುಂದಿನವರಿಗೆ ಹೋಗುತ್ತದೆ, ಮತ್ತೆ ಯಾವಾಗಲೋ. ಅವಳು ಇದಕ್ಕೆ ಎಷ್ಟು ಕಾದಿದ್ದಳು ಎಂಬುದು ನನಗೆ ಗೊತ್ತು. "ನೀವು ದಿನಾ ಅಂಗಡಿ ಬಾಗ್ಲು ಹಾಕ್ಕೊಂಡು ನನ್ನ ಬಿಡೋಕೆ ಬರೋದು ಆಗೋ ಹೋಗೋ ಮಾತಲ್ಲ. ಜೀಪು ನಾನೇ ಓಡಿಸ್ತೀನಿ" ಎಂದಳು. ಲೈಸೆನ್ಸು ಇತ್ತು; ತವರುಮನೆ ತೀರ್ಥಹಳ್ಳಿಯಲ್ಲಿ, ಡ್ರೈವಿಂಗ್ ಶಾಲೆಯ ಪುಟ್ಟ ಕಾರಿನಲ್ಲಿ ಕಲಿತು ತೆಗೆದುಕೊಂಡದ್ದು.

ತೊಂದರೆ ಇದ್ದದ್ದು ಕಾಲಿನದು. ಶೈಲಾ ಎತ್ತರದ ಹೆಂಗಸಲ್ಲ. ಇದನ್ನು ಬೇರೆ ಪದದಲ್ಲಿ ಹೇಳುವ ಧೈರ್ಯ ನನಗಿಲ್ಲ. ಜೀಪಿನ ಹಳೆಯ ಸೀಟು ತಗಡಿನ ಪೆಟ್ಟಿಗೆಯ ಮೇಲೆ ಬೋಲ್ಟು ಹಾಕಿ ಕೂರಿಸಿದ್ದು, ಹಿಂದೆ ಮುಂದೆ ಸರಿಯುವುದಿಲ್ಲ. ಬೆನ್ನಿಗೊಂದು ದಿಂಬು ಕೊಟ್ಟೆವು. ಕ್ಲಚ್ಚು ಸಿಕ್ಕಿತು, ರಸ್ತೆ ಕಾಣಲಿಲ್ಲ. ಅದನ್ನೇ ತೆಗೆದು ಕೆಳಗೆ ಹಾಕಿದೆವು. ರಸ್ತೆ ಕಂಡಿತು, ಕ್ಲಚ್ಚು ಹೋಯಿತು. ಎರಡು ಕಡೆಯೂ ದಿಂಬು ಕೊಟ್ಟ ದಿನ, ಬ್ರೇಕ್ ಒತ್ತಿದ ರಭಸಕ್ಕೆ ದಿಂಬುಗಳ ಸಮೇತ ಜಾರಿ ಸ್ಟೇರಿಂಗಿನ ಕೆಳಗೆ ಹೋಗಿ ಕೂತಳು. ಬಗ್ಗಿ ನೋಡಿ "ಪೆಟ್ಟಾಯ್ತಾ?" ಎಂದು ಕೇಳುವಾಗ ನಾನು ನಗಬಾರದಿತ್ತು. ಅಂತೂ ಸ್ವಲ್ಪ ಎತ್ತರದ, ಹಿಂದೆ ಮುಂದೆ ಸರಿಯುವ ಹೊಸ ಸೀಟು, ಅದನ್ನು ನೆಲಕ್ಕೆ ಕೂರಿಸಲು ಕಬ್ಬಿಣದ ಬ್ರಾಕೆಟ್ಟು, ಎರಡನ್ನೂ ತರಿಸಿದೆವು. ಡಬ್ಬದ ಮೇಲೆ ಎಲ್ಲ ಜೀಪುಗಳಿಗೂ ಹೊಂದುತ್ತದೆ ಎಂದು ಬರೆದಿತ್ತು. ಎಲ್ಲರಿಗೂ ಹೊಂದುವ ಅಂಗಿ ಯಾರ ಮೈಗೂ ಸರಿಯಾಗಿ ಕೂರುವುದಿಲ್ಲ. ಬ್ರಾಕೆಟ್ಟಿನ ತೂತಿಗೂ ಜೀಪಿನ ನೆಲದ ತೂತಿಗೂ ಜಾತಕ ಕೂಡಿಬರಲಿಲ್ಲ, ಹೊಸದಾಗಿ ಕೊರೆಯಲೇಬೇಕಾಯಿತು.

ಸಾಗರದಿಂದ ಕೆಳದಿಗೆ ಹೋಗುವ ರಸ್ತೆಯಲ್ಲಿ ಗ್ಯಾರೇಜು ಇಟ್ಟಿರುವ ಗಣಪಣ್ಣ ಹಿಂದೆ ನನ್ನ ಜೊತೆಯೇ ನಿಟ್ಟೂರು ಲೈನಿನಲ್ಲಿ ಜೀಪು ಓಡಿಸಿದವನು. ಗುರುವಾರ ಬೆಳಿಗ್ಗೆ ನಾನೊಬ್ಬನೇ ಅವನಲ್ಲಿಗೆ ಹೋದೆ. ಹಳೆಯ ಸೀಟು ಬಿಚ್ಚಿ, ತಗಡಿನ ಪೆಟ್ಟಿಗೆ ಕತ್ತರಿಸಿ ತೆಗೆದು, ಹೊಸ ಸೀಟನ್ನು ಬ್ರಾಕೆಟ್ಟಿನ ಸಮೇತ ಒಳಗಿಟ್ಟು, "ಹೂಂ, ಹತ್ತಿ. ಯಾವಾಗ್ಲೂ ಕೂರೋ ಹಂಗೇ ಕೂತ್ಕಳಿ. ಮೈ ಬಿಗಿ ಹಿಡೀಬೇಡಿ" ಎಂದ. ಬಿಗಿ ಹಿಡಿಯದೆ ಕೂತೆ. ಸ್ಟೇರಿಂಗ್ ಹಿಡಿದೆ, ಗೇರು ಹಾಕಿ ನೋಡಿದೆ. ಏನೋ ಇರುಸುಮುರುಸು. "ಸ್ವಲ್ಪ ಎಡಕ್ಕೆ" ಎಂದೆ. ಸೀಟನ್ನು ಸರಿಸಿದ. ಮತ್ತೆ ಹತ್ತಿ "ಇನ್ನೂ ಸ್ವಲ್ಪ" ಎಂದೆ. "ಈಗ ಹಾಯಾಗಿದ್ಯಾ?" "ಹಾಯಾಗಿದೆ ಮಾರಾಯ." ಅನುಮಾನ ಬೇಡವೆಂದು ತಾನೂ ಹತ್ತಿ ಕೂತು ನೋಡಿದ. ಅವನಿಗೂ ಹಾಯಾಗಿತ್ತು. ಸೀಮೆಸುಣ್ಣದಲ್ಲಿ ಗುರುತು ಹಾಕಿ, ತೂತು ಕೊರೆದು, ಕೆಳಗಿನಿಂದ ಅಗಲದ ವಾಷರು ಕೊಟ್ಟು ಬೋಲ್ಟು ಬಿಗಿದ. "ಇನ್ನು ಜೀಪು ಮಗುಚಿದ್ರೂ ಸೀಟು ಅಲ್ಲಾಡಲ್ಲ" ಎಂದ. ವಾಪಸು ಬರುವಾಗ, ಕೆಳದಿಯ ಅರಸರಿಗೂ ಇಂಥ ಆಸನ ಸಿಕ್ಕಿರಲಿಕ್ಕಿಲ್ಲ ಎಂದುಕೊಂಡೆ.

ಸಂಜೆ ಶೈಲಾ ಸೆರಗು ಸಿಕ್ಕಿಸಿಕೊಂಡು ಹತ್ತಿದಳು. ಲಿವರ್ ಎತ್ತಿ ಸೀಟನ್ನು ಮುಂದಕ್ಕೆ ಎಳೆದುಕೊಂಡಳು. ಕಾಲಿಗೆ ಪೆಡಲು ಎಟುಕಿತು, ರಸ್ತೆಯೂ ಕಂಡಿತು. ನಾನು ಕೈಕಟ್ಟಿ ನಿಂತು ಶಾಭಾಸ್‌ಗಿರಿಗೆ ಕಾಯುತ್ತಿದ್ದೆ. ಅವಳು ಒಮ್ಮೆ ಸ್ಟೇರಿಂಗನ್ನೂ ಒಮ್ಮೆ ನನ್ನನ್ನೂ ನೋಡಿದಳು.

"ಸ್ಟೇರಿಂಗ್ ಯಾಕ್ರೀ ಆ ಕಡೆ ಹೋಗಿದೆ?"

"ಅದೆಲ್ಲಿಗೆ ಹೋಗುತ್ತೆ? ಇದ್ದಲ್ಲೇ ಇದೆ."

"ಹಂಗಾದ್ರೆ ನಾನೆಲ್ಲಿದೀನಿ?"

ಆಗ ನೋಡಿದೆ. ಎಡಗಾಲಿಗೆ ಸಿಗಬೇಕಾದ ಕ್ಲಚ್ಚು ಅವಳ ಬಲಗಾಲಿನ ಎದುರಿಗಿತ್ತು. ಗೇರುಕೋಲು ತೊಡೆಗೆ ಒತ್ತುತ್ತಿತ್ತು. ಬಲಗಡೆ ಸೀಟಿಗೂ ಜೀಪಿನ ಬಾಡಿಗೂ ನಡುವೆ ಒಂದು ಗೇಣು ಖಾಲಿ. "ಇಲ್ಲಿ ಯಾರು ಕೂರೋದು?" ಎಂದು ಆ ಜಾಗಕ್ಕೆ ಕೈಯಿಟ್ಟು ಕೇಳಿದಳು. "ನಿಟ್ಟೂರಿನವರು" ಎಂದು ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಲೈನು ಬಿಟ್ಟು ಇಷ್ಟು ಕಾಲವಾದರೂ, ಒಬ್ಬನೇ ಹೋಗುವಾಗಲೂ, ಬಲಗಡೆ ಒಬ್ಬರಿಗೆ ಜಾಗ ಬಿಟ್ಟೇ ಕೂರುತ್ತಿದ್ದೆನೆಂಬುದು ನನಗೆ ಗೊತ್ತೇ ಇರಲಿಲ್ಲ. ಗಣಪಣ್ಣನಿಗೆ ಗೊತ್ತಾಗುವ ಹಾಗೂ ಇರಲಿಲ್ಲ, ಅವನೂ ಅದೇ ಲೈನಿನವನು.

ವಿಷಯ ಹೇಳಿದೆ. ನಗುತ್ತಾಳೆ ಎಂದುಕೊಂಡಿದ್ದೆ, ನಗಲಿಲ್ಲ. "ನಾನು ಓಡಿಸೋದು ನಿಮಗೆ ಇಷ್ಟ ಇಲ್ಲದಿದ್ರೆ ಬಾಯಿಬಿಟ್ಟು ಹೇಳ್ಬೋದಿತ್ತು. ಇಷ್ಟೆಲ್ಲ ತೂತು ಕೊರೆಸಬೇಕಿರ್ಲಿಲ್ಲ. ನಾಳೆ ಫೋನ್ ಮಾಡಿ ಬೇಡ ಅಂದ್ಬಿಡ್ತೀನಿ" ಎಂದು ಇಳಿದು ಒಳಗೆ ಹೋದಳು.

ಆ ಮಾತು ಚುಚ್ಚಿತು, ಯಾಕೆಂದರೆ ಅದರಲ್ಲಿ ಅರ್ಧ ನಿಜವಿತ್ತು. ಸೀಟು ಎಡಕ್ಕೆ ಹೋದದ್ದು ದೇವರಾಣೆಗೂ ಅಭ್ಯಾಸಬಲದಿಂದ. ಆದರೆ ಶಾಲೆಗೆ ಹೋಗುವ ಆ ರಸ್ತೆಯ ತಿರುವುಗಳು, ಜುಲೈ ತಿಂಗಳ ಮಂಜು, ಬದಿಯ ಇಳಿಜಾರು ಎಲ್ಲ ನನಗೆ ಗೊತ್ತು. ಅವಳು ಒಬ್ಬಳೇ ಅಲ್ಲಿ ಹೋಗುವುದನ್ನು ನೆನೆದರೆ ನನಗೆ ಹೆದರಿಕೆಯಾಗುತ್ತಿತ್ತು. ಹೆದರಿಕೆ ಎಂದು ಹೇಳಿಕೊಳ್ಳಲು ನಾಚಿಕೆಯಾಗಿ ಟಯರು ಸರಿಯಿಲ್ಲ, ಬ್ಯಾಟರಿ ಹಳೆಯದು ಎಂದು ಬೇರೆ ಬೇರೆ ಕೊಂಕು ತೆಗೆಯುತ್ತಿದ್ದೆ. ಅವಳಾಗಿಯೇ ಬೇಡ ಎಂದರೆ ಚೆನ್ನಾಗಿತ್ತು ಎಂದೂ ಒಂದೆರಡು ಸಲ ಅನ್ನಿಸಿತ್ತು. ಈಗ ಅವಳು ನಿಜವಾಗಿ ಬೇಡ ಎನ್ನಲು ಹೊರಟಾಗ ನನಗೆ ಸಮಾಧಾನವಾಗಬೇಕಿತ್ತಲ್ಲ, ಆಗಲಿಲ್ಲ. ಒಳಗೆ ಹೋಗಿ, "ನಂಗೆ ಹೆದರಿಕೆ ಇರೋದು ಹೌದು. ಆದ್ರೆ ತೂತು ಕೊರೆಸಿದ್ದು ಅದಕ್ಕಲ್ಲ. ನಾಳೆ ಸಾಗರಕ್ಕೆ ನೀನೂ ಬಾ, ಅಳತೆ ನೀನೇ ಕೊಡು" ಎಂದೆ. ಬೆಳಿಗ್ಗೆ ನೋಡಿದರೆ ನನಗಿಂತ ಮೊದಲೇ ಹೊರಟು ಜೀಪಿನ ಹತ್ತಿರ ನಿಂತಿದ್ದಳು.

ಗಣಪಣ್ಣ ಸೀಟಿಗೆ ಹತ್ತಿ ಕೂತು, "ಎಂತ ಆಗಿದೆ ಮೇಡಂ? ಸರೀ ಇದ್ಯಲ್ಲ" ಎಂದ.

"ಬಗ್ಗಿ ನೋಡಿ. ನಿಮ್ಮ ಹೊಟ್ಟೆ ಎದುರಿಗೆ ಏನಿದೆ?"

ನೋಡಿದ. "ಮೀಟರು."

"ಏನಿರಬೇಕು?"

ಗಣಪಣ್ಣ ಸ್ವಲ್ಪ ಯೋಚಿಸಿ, ಮಗ್ಗಿ ತಪ್ಪಿದ ಹುಡುಗನ ದನಿಯಲ್ಲಿ "ಸ್ಟೇರಿಂಗು" ಎಂದ. ಆಮೇಲೆ ಅವಳನ್ನೇ ಕೂರಿಸಿ ಹೊಸ ಗುರುತು ಹಾಕಿದ. ಹಳೆಯ ತೂತುಗಳಿಗೆ ವೆಲ್ಡಿಂಗ್ ಮಾಡಿ ಮುಚ್ಚಿದ. ನಾನೂ ಗಣಪಣ್ಣನೂ ಹೊರಗೆ ನಿಂತು, "ಇಷ್ಟು ಬಲಕ್ಕೆ ಕೂತ್ರೆ ಆಚೆ ಬಿದ್ದೋಗಲ್ವಾ?" ಎಂದು ಪಿಸುಗುಟ್ಟಿಕೊಂಡೆವು.

ವಾಪಸು ಬರುವಾಗ ಶೈಲಾ ಓಡಿಸಿದಳು. ನಾನು ಪಕ್ಕದಲ್ಲಿ. ಪ್ರತಿ ತಿರುವಿಗೂ ನನ್ನ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. "ಹಾರ್ನು" ಎಂದೆ. "ಗೇರು" ಎಂದೆ. ಲಾರಿ ಕಾಣುವ ಮೊದಲೇ "ಲಾರಿ" ಎಂದೆ. ದಾರಿಯ ನಡುವಿನ ಊರು ಬಟ್ಟೆಮಲ್ಲಪ್ಪದಲ್ಲಿ ಬಸ್ಸು ನಿಲ್ಲುವ ಜಾಗ ನೋಡಿ ಜೀಪನ್ನು ಒಪ್ಪವಾಗಿ ಬದಿಗೆ ಹಾಕಿದಳು.

"ಇಳೀರಿ."

"ಚಾ ಕುಡಿಯೋಣ್ವಾ?"

"ನೀವು ಕುಡೀರಿ. ಕುಡಿದು ಬಸ್ಸಿಗೆ ಬನ್ನಿ. ಸೋಮವಾರದಿಂದ ಪಕ್ಕದಲ್ಲಿ ನೀವಿರಲ್ಲ ಅಲ್ವಾ? ಇವತ್ತೇ ಒಬ್ಳೇ ಹೋಗಿ ನೋಡ್ತೀನಿ. ಓಡ್ಸೋಕಾದ್ರೆ ಹೂಂ ಅಂತೀನಿ, ಆಗ್ದಿದ್ರೆ ಬೇಡ ಅಂತೀನಿ." ಏನಾದರೂ ಹೇಳಬೇಕೆಂದು ಬಾಯಿ ತೆರೆದೆ, "ಹಾರ್ನು" ಬಿಟ್ಟರೆ ಏನೂ ಹೊಳೆಯಲಿಲ್ಲ. ಇಳಿದೆ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ದಾರಿಯುದ್ದಕ್ಕೂ ಪ್ರತಿ ತಿರುವಿನ ಚರಂಡಿಯನ್ನೂ ಬಗ್ಗಿ ಬಗ್ಗಿ ನೋಡಿದೆ. ಪಕ್ಕದಲ್ಲಿದ್ದ ಅಜ್ಜ "ಎಂತ ಕಳ್ಕೊಂಡ್ರಿ?" ಎಂದು ಕೇಳಿದರು. "ಹೆಂಡ್ತಿನ" ಎಂದೆ. ಅಜ್ಜ ಚೀಲ ಎತ್ತಿಕೊಂಡು ಹಿಂದಿನ ಸೀಟಿಗೆ ಹೋಗಿ ಕೂತರು.

ಮನೆ ಮುಟ್ಟಿದಾಗ ಜೀಪು ಅಂಗಳದಲ್ಲಿ ಮೂತಿಯನ್ನು ರಸ್ತೆ ಕಡೆ ಮಾಡಿ ನಿಂತಿತ್ತು. ಒಳಗೆ ಶೈಲಾ ಫೋನಿನಲ್ಲಿ, "ಹೌದು ಸರ್, ಒಪ್ಪಿದೀನಿ. ಇಲ್ಲ ಸರ್, ಹೋಗಿ ಬರೋದಕ್ಕೆ ಏನೂ ತೊಂದ್ರೆ ಇಲ್ಲ" ಎನ್ನುತ್ತಿದ್ದಳು. ನನಗೆ ಬಹಳ ಸಂತೋಷವಾಯಿತು. ಹೆದರಿಕೆ ಹೋಯಿತು ಎಂದರೆ ಸುಳ್ಳಾಗುತ್ತದೆ, ಅದು ಇವತ್ತಿಗೂ ಸಂಜೆ ಜೀಪಿನ ಸದ್ದು ಕೇಳಿದ ಮೇಲೆಯೇ ಹೋಗುವುದು.

ಈಗ ಭಾನುವಾರ ಮಾತ್ರ ಜೀಪು ನನ್ನ ಕೈಗೆ ಸಿಗುತ್ತದೆ. ಸೀಟು ಅವಳ ಅಳತೆಗೆ ಮುಂದೆ ಬಂದಿರುತ್ತದೆ. ನಾನು ಹತ್ತಿದರೆ ಮೊಣಕಾಲುಗಳು ಸ್ಟೇರಿಂಗಿನ ಎರಡೂ ಪಕ್ಕ ಏರಿ ನಿಲ್ಲುತ್ತವೆ, ಉಸಿರೆಳೆದರೆ ಹೊಟ್ಟೆ ತಾಗಿ ಹಾರ್ನು ಬಡಿಯುತ್ತದೆ. ಲಿವರ್ ಎತ್ತಿದರೆ ಸೀಟು ಬೆಣ್ಣೆಯ ಹಾಗೆ ಹಿಂದೆ ಸರಿಯುತ್ತದೆ. ಆದರೆ ಸೋಮವಾರ ಬೆಳಿಗ್ಗೆ ಪ್ರಾರ್ಥನೆಯ ಹೊತ್ತಿಗೆ ಓಡುವ ಹೆಡ್ ಮೇಡಂ, ಕಾಲಿಗೆ ಕ್ಲಚ್ಚು ಸಿಗದೆ ಅಂಗಳದಲ್ಲೇ ತಡಕಾಡುವುದನ್ನು ನೆನೆದು ಲಿವರಿಗೆ ಕೈ ಹೋಗುವುದಿಲ್ಲ. ಮೊನ್ನೆ ಭಾನುವಾರ ಗ್ಯಾರೇಜಿನ ಮುಂದೆ ಗಣಪಣ್ಣ ನನ್ನನ್ನು ನೋಡಿ, "ಇದೆಂತದು ಮಾರಾಯ್ರೆ, ಕಪ್ಪೆ ಕೂತಂಗೆ ಕೂತಿದೀರಿ? ಹಿಂದೆ ಸರಿಸ್ಕಳಿ" ಎಂದ.

"ಲಿವರ್ ಹಿಡ್ಕೊಂಡಿದೆ ಮಾರಾಯ" ಎಂದೆ.

"ತಡೀರಿ, ಎಣ್ಣೆ ಬಿಡ್ತೀನಿ" ಎಂದು ಡಬ್ಬಿ ತರಲು ಒಳಗೆ ಹೋದ. ಅವನು ಹೊರಗೆ ಬರುವುದರೊಳಗೆ ಗೇರು ಹಾಕಿ ಹೊರಟುಬಿಟ್ಟೆ.