ಒಳ್ಳೇ ಸುದ್ದಿ ಇದೆ, ಏನು ಕೊಡ್ತೀಯ?

ಜಗಳ ಹುಟ್ಟಿದ್ದು ಒಂದು ಒಣಮೊಸರಿನ ಉಂಡೆಯಿಂದ.

ದೋಸಿಮ್ ಅಂತರಿಕ್ಷಕ್ಕೆ ಹೊರಟ ದಿನ ಅವನ ತಾಯಿ, ಕರಗಂಡದ ರೈಲು ಹತ್ತುವವನಿಗೆ ಕಟ್ಟಿಕೊಡುವ ಹಾಗೆ, ಒಂದು ಪುಟ್ಟ ಚೀಲ ಕುರ್ತ್ ಕಟ್ಟಿಕೊಟ್ಟಿದ್ದಳು. ಕಲ್ಲಿನಂತೆ ಗಟ್ಟಿಯಾದ, ಉಪ್ಪುಪ್ಪು ಉಂಡೆಗಳು. ಹನ್ನೆರಡು ದಿನ ಭೂಮಿಗೆ ಪ್ರದಕ್ಷಿಣೆ ಹಾಕುವಾಗ ಅವನು ದಿನಕ್ಕೊಂದರಂತೆ, ಗೋಡೆಯ ಕಡೆ ಮುಖ ಮಾಡಿಕೊಂಡು, ಒಬ್ಬನೇ ಚೀಪಿದ್ದ. ಕೊನೆಯದೊಂದನ್ನು ನೆಲ ಮುಟ್ಟಿದ ಮೇಲೆ ತಿನ್ನೋಣವೆಂದು ಇಟ್ಟುಕೊಂಡಿದ್ದ. ಇಳಿಯುವ ದಿನ ಬೆಳಿಗ್ಗೆ ಕೈ ಹಾಕಿದರೆ ಚೀಲ ಖಾಲಿ. ಪಕ್ಕದಲ್ಲಿ ಕೂತ ಗೆಳೆಯ ಗ್ಲೆಬನ ಕೆನ್ನೆ ಉಬ್ಬಿತ್ತು.

“ಕೇಳಿ ತಿನ್ನೋಕೆ ಏನಾಗಿತ್ತೋ ನಿಂಗೆ?”

“ಕೇಳಿದ್ರೆ ಕೊಡ್ತಿದ್ಯಾ?”

ಮಾತಿಗೆ ಮಾತು ಬೆಳೆಯಿತು. ದೋಸಿಮ್ ಅದುಮಬೇಕಾಗಿದ್ದ ಗುಂಡಿ ಎಂಟು ಸೆಕೆಂಡು ತಡವಾಯಿತು. ಮೇಲೆ ಎಂಟು ಸೆಕೆಂಡು ಎಂದರೆ ಕೆಳಗೆ ಅರವತ್ತು ಕಿಲೋಮೀಟರು. ಹಾಗಾಗಿ ಹಾರ ಹಿಡಿದು ಕಾಯುತ್ತಿದ್ದವರ ಮುಂದೆ ಇಳಿಯಬೇಕಾದ ಮೂವರು ನಮ್ಮೂರು ತಾಸ್‌ಬುಲಾಕಿನ ಹುಲ್ಲುಗಾವಲಿಗೆ ಧೊಪ್ಪೆಂದು ಬಂದು ಬಿದ್ದರು.

ಇಳಿದ ಏಟಿಗೆ ರೇಡಿಯೋ ಸತ್ತಿತು. ಜೊತೆಯಲ್ಲಿದ್ದ ಡಾಕ್ಟರಮ್ಮ ಲಾರಿಸಾಳ ಮಣಿಕಟ್ಟು ಉಳುಕಿತು. ಗುಡ್ಡದ ಆಚೆ ಹೊಗೆ ಕಾಣುತ್ತಿದೆ, ಅರ್ಧ ಗಂಟೆಯಲ್ಲಿ ಯಾರನ್ನಾದರೂ ಕರೆತರೋಣ, ನೀನೂ ಬಾ ಎಂದು ಗ್ಲೆಬ್ ಕರೆದ. ದೋಸಿಮ್ ಕದಲಲಿಲ್ಲ. ಮೂವರನ್ನೂ ಹೊತ್ತು ತಂದ ಆ ಕಬ್ಬಿಣದ ಗೂಡಿನ ಒಂದೊಂದು ತಿರುಪಿಗೂ ಸಹಿ ಹಾಕಿ ಬಂದವನು ಅವನೇ.

“ನಾನು ಸರ್ಕಾರದ ಸ್ವತ್ತು ಬಿಟ್ಟು ಬರಲ್ಲ. ಹೋಗ್ರಿ, ಇಬ್ರೂ ಹಾಳಾಗಿ ಹೋಗ್ರಿ. ಮತ್ತೆ ನಂಗೆ ಮುಖ ತೋರಿಸ್ಬೇಡಿ.”

ಹೀಗೆಂದವನು ಅಲ್ಲೇ ನಿದ್ದೆಹೋದ. ಎಚ್ಚರವಾದಾಗ ಸೂರ್ಯ ನೆತ್ತಿಯ ಮೇಲಿದ್ದ. ಅರ್ಧ ಗಂಟೆ ಎಂದವರು ಬಂದಿರಲಿಲ್ಲ. ದೋಸಿಮನಿಗೆ ತನ್ನ ಮಾತು ತನಗೇ ನೆನಪಾಯಿತು. ಹದಿನೈದು ವರ್ಷದ ಗೆಳೆಯ. ತನ್ನ ತಂದೆ ತೀರಿಕೊಂಡಾಗ ಹಿಮದಲ್ಲಿ ಎರಡು ದಿನ ಕಾರು ಓಡಿಸಿಕೊಂಡು ಬಂದು ಹೆಗಲು ಕೊಟ್ಟವನು. ಅಂಥವನಿಗೆ ಒಂದು ಕುರ್ತಿಗಾಗಿ ಹಾಳಾಗಿ ಹೋಗು ಅಂದೆನಲ್ಲ ಎಂದು ಸಂಕಟಪಟ್ಟ. ಸರ್ಕಾರದ ಸ್ವತ್ತನ್ನು ದೇವರ ಮೇಲೆ ಬಿಟ್ಟು ಎದ್ದು ನಡೆದ.

ಗುಡ್ಡ ಹತ್ತಲು ಕಾಲಿನಲ್ಲಿ ಬಲವಿಲ್ಲದೆ ಸುತ್ತು ಹಾಕಿ ನಮ್ಮೂರಿಗೆ ಹಿಂಬಾಗಿಲಿನಿಂದ ಬಂದ. ಹನ್ನೆರಡು ದಿನ ತೇಲಿದ ಕಾಲು, ನೆಲದ ಮೇಲೆ ಸೊಟ್ಟಸೊಟ್ಟ ಬೀಳುತ್ತಿತ್ತು. ಬಾಗಿಲಲ್ಲಿ ಚಹಾ ಕಾಯಿಸುವ ಸಮೋವಾರಿಗೆ ಕೆಂಡ ಹಾಕುತ್ತಿದ್ದ ಕುಲ್ಪಾಶ್ ಅಜ್ಜಿ ತಲೆಯೆತ್ತಿ ನೋಡಿದಳು.

“ಅಯ್ಯೋ, ಹಗಲಲ್ಲೇ ಏರಿಸ್ಕೊಂಡು ಬಂದವ್ನೆ,” ಎಂದಳು. ಆಮೇಲೆ ಮೈಮೇಲಿನ ಅಂತರಿಕ್ಷದ ಬಿಳಿ ದಿರಿಸು ಕಂಡು ಅವಳ ಮುಖ ಅರಳಿತು. “ಸುಯಿಂಶಿ, ಮಗನೇ! ಸುಯಿಂಶಿ!”

ಒಳ್ಳೆಯ ಸುದ್ದಿ ತಂದವರು ಹೀಗೆ ಕೂಗಿ ಕೈ ಚಾಚುತ್ತಾರೆ. ಕೇಳುವವನು ಮೊದಲು ಏನಾದರೂ ಉಡುಗೊರೆ ಕೊಡಬೇಕು, ಸುದ್ದಿ ಆಮೇಲೆ. ಮಗು ಹುಟ್ಟಿದ ಸುದ್ದಿಗೆ ಕುದುರೆ ಬಿಟ್ಟುಕೊಟ್ಟವರು ನಮ್ಮಲ್ಲಿದ್ದಾರೆ. ಏನೂ ಇಲ್ಲದವನು ಟೋಪಿಯನ್ನಾದರೂ ತೆಗೆದುಕೊಡುತ್ತಾನೆ. ದೋಸಿಮನಿಗೆ ಇದೆಲ್ಲ ಗೊತ್ತಿಲ್ಲವೆಂದಲ್ಲ, ಅವನೂ ಇದೇ ನೆಲದವನು, ಅಜ್ಜಿಯನ್ನು ಅಪಾ ಎಂದು ಕರೆಯುವವನು.

“ಅಪಾ, ನನ್ನ ಮೈಮೇಲಿರೋದೆಲ್ಲ ಸರ್ಕಾರದ ಲೆಕ್ಕದ್ದು. ಕೊಡೋ ಹಾಗಿಲ್ಲ. ನನ್ನ ಗೆಳೆಯರು ಎಲ್ಲಿ, ಹೇಳಿ.”

“ಏನಾದ್ರೂ ಕೊಡಪ್ಪ, ಹೇಳ್ತೀನಿ.”

“ನನ್ನ ಜನದ ಸುದ್ದಿ ಕೇಳೋಕೆ ನಾನು ಲಂಚ ಕೊಡ್ಬೇಕಾ?”

ಲಂಚ! ಆ ಮಾತು ಅಜ್ಜಿಯ ಬಾಗಿಲಿನಿಂದ ಹೊರಟು, ನೀರು ಸೇದುತ್ತಿದ್ದವರ ಕಿವಿಗೆ ಬಿದ್ದು, ಚಹಾ ಕುದಿಯುವುದರೊಳಗೆ ನಲವತ್ತು ಮನೆಗೂ ಮುಟ್ಟಿತು. ಅಜ್ಜಿ ಕೂಗಾಡಲಿಲ್ಲ. ಒಳಗೆ ಕೂರಿಸಿ, ಬಟ್ಟಲಿಗೆ ಚಹಾ ಹೊಯ್ದಳು. ಅಂಚಿನವರೆಗೆ, ತುಳುಕುವಷ್ಟು ಹೊಯ್ದಳು. ಬೇಕಾದ ಅತಿಥಿಗೆ ನಾವು ಅರ್ಧ ಬಟ್ಟಲೇ ಕೊಡುವುದು. ಮತ್ತೆ ಮತ್ತೆ ಹೊಯ್ಯುತ್ತ ಇನ್ನಷ್ಟು ಹೊತ್ತು ಕೂರಿಸಿಕೊಳ್ಳಬಹುದಲ್ಲ. ತುಂಬಿದ ಬಟ್ಟಲಿಗೆ ಒಂದೇ ಅರ್ಥ, ಕುಡಿದು ಎದ್ದು ನಡಿ. ದೋಸಿಮ್ ಕಿವಿ ಕೆಂಪಗಾಗಿ, ಕುಡಿಯದೆ ಎದ್ದ.

ಬೀದಿಗೆ ಬಂದರೆ ಓಸ್ಪಾನ್ ತನ್ನ ಮೋಟಾರ್‌ಸೈಕಲ್ಲಿಗೆ ಎಣ್ಣೆ ಬಿಡುತ್ತ ಕೂತಿದ್ದ. ಐವತ್ತರ ಆಳು, ಮಾತು ಕಡಿಮೆ, ಸಿಟ್ಟು ಜಾಸ್ತಿ. ಅವನ ಕೈಯಲ್ಲಿ ಲಾರಿಸಾಳ ಬಿಳಿ ಗವಸು.

“ಆ ಗವಸು ಎಲ್ಲಿಂದ ಬಂತು?”

“ಕೊಟ್ರು.”

“ಯಾರು ಕೊಟ್ರು?”

“ಕೊಡೋ ಬುದ್ಧಿ ಇರೋರು.”

ಪಕ್ಕದ ಕೊಟ್ಟಿಗೆಯಲ್ಲಿ ಗ್ಲೆಬನ ಶಿರಸ್ತ್ರಾಣ ಅಂಗಾತ ಬಿದ್ದಿತ್ತು, ಅದರೊಳಗೆ ಒಂದು ಕೋಳಿ ಕಾವಿಗೆ ಕೂತಿತ್ತು. ದೋಸಿಮ್ ಅದನ್ನು ನೋಡಿದ, ಗವಸನ್ನು ನೋಡಿದ. ಕೊಟ್ಟರೋ, ಕಿತ್ತುಕೊಂಡರೋ? ಓಸ್ಪಾನನ ಕೊರಳಪಟ್ಟಿಗೆ ಕೈ ಹಾಕಿದ. ಓಸ್ಪಾನ್ ಸುಮ್ಮನೆ ಒಂದು ಹೆಜ್ಜೆ ಹಿಂದೆ ಸರಿದ, ಅಷ್ಟೆ. ದೋಸಿಮ್ ಮುಗ್ಗರಿಸಿ ಚಳಿಗಾಲಕ್ಕೆಂದು ಒಟ್ಟಿದ್ದ ಬೆರಣಿಯ ರಾಶಿಯೊಳಗೆ ಮುಖ ಅಡಿಯಾಗಿ ಬಿದ್ದ.

ಬೇರೆ ಯಾರಾದರೂ ಆಗಿದ್ದರೆ ನಾಚಿಕೊಂಡು ಹೋಗುತ್ತಿದ್ದರು. ದೋಸಿಮ್ ರಾಶಿಯ ತುದಿಗೆ ಹತ್ತಿ, ಗಡ್ಡದಲ್ಲಿ ಬೆರಣಿಯ ಪುಡಿ ಸಮೇತ ನಿಂತ.

“ಕೇಳಿ ಎಲ್ರೂ! ನನ್ನ ಸ್ನೇಹಿತರನ್ನ ಏನು ಮಾಡಿದ್ರಿ? ಹೇಳೋವರೆಗೂ ನಾನು ಇಲ್ಲಿಂದ ಇಳಿಯಲ್ಲ. ಒಂದು ದಾರದ ಎಳೆಯನ್ನೂ ಕೊಡಲ್ಲ. ಅದೇನ್ ಮಾಡ್ತೀರೋ ಮಾಡ್ಕೊಳ್ಳಿ!”

ಊರು ಬಂದು ಸುತ್ತ ಕೂತಿತು. ಸೂರ್ಯಕಾಂತಿ ಬೀಜ ಸುಲಿಯುತ್ತ ನೋಡಿತು. ಅಜ್ಜಿ ಸೊಂಟಕ್ಕೆ ಕೈಕೊಟ್ಟು ಮುಂದೆ ಬಂದಳು.

“ಹೋದ ವರ್ಷ ನಿಮ್ಮ ಆಕಾಶದಿಂದ ಒಂದು ತಗಡು ಬಿದ್ದು ಓಸ್ಪಾನನ ಗಬ್ಬದ ಒಂಟೆ ಸತ್ತೋಯ್ತು. ನಿಮ್ಮೋರು ಬಂದ್ರು. ತಗಡು ನಮ್ದು ಅಂತ ಎತ್ಕೊಂಡು ಹೋದ್ರು. ಒಂಟೆಗೆ ಏನು ಕೊಟ್ರು ಗೊತ್ತಾ? ಒಂದು ಕಾಗದ. ಅದ್ರಲ್ಲಿ ನಾಲ್ಕು ಮೊಹರು. ಮೇಲಿಂದ ಬಿದ್ದಿದ್ದೆಲ್ಲ ನಿಮ್ದು, ಕೆಳಗೆ ಸತ್ತಿದ್ದು ಮಾತ್ರ ನಮ್ದಾ? ನೀನು ಇನ್ನೂ ಹತ್ತು ದಿನ ಅಲ್ಲೇ ನಿಂತ್ಕೋ. ನಮ್ಮ ಬಾಯಿ ನಮ್ದು.”

ಅಜ್ಜಿ ಹೇಳಿದ್ದರಲ್ಲಿ ತಪ್ಪೇನಿದೆ? ನಾನೂ ಅಲ್ಲೇ ಇದ್ದೆ, ನಾನೂ ತಲೆಯಾಡಿಸಿದೆ.

ಹೊತ್ತು ಇಳಿಯತೊಡಗಿತು. ರಾಶಿಯ ಮೇಲೆ ಅವನು, ಕೆಳಗೆ ನಾವು. ಅವನು ಬೈದ, ನಾವು ಬೀಜ ಸುಲಿದೆವು. ಮಧ್ಯೆ ಯಾರೋ ಅವನಿಗೂ ಒಂದು ಹಿಡಿ ಬೀಜ ಎಸೆದರು. ಅವನು ಮುಟ್ಟಲಿಲ್ಲ, ಹೊಟ್ಟೆ ಮಾತ್ರ ಗುರ್ ಎಂದದ್ದು ಎಲ್ಲರಿಗೂ ಕೇಳಿಸಿತು.

ಆಗ ಮೋಟಾರ್‌ಸೈಕಲ್ ಒರೆಸಲು ಓಸ್ಪಾನ್ ಅಂಗಿಯ ತೋಳು ಮಡಚಿದ. ಮಣಿಕಟ್ಟಿನಲ್ಲಿ ಗ್ಲೆಬನ ಗಡಿಯಾರ ಮಿಂಚಿತು. ಗ್ಲೆಬನ ತಂದೆಯದು ಅದು. ಸ್ನಾನಕ್ಕೆ ಹೋದರೂ ಅವನು ಬಿಚ್ಚಿದವನಲ್ಲ. ದೋಸಿಮ್ ರಾಶಿಯ ಮೇಲೆ ಕುಸಿದು ಕೂತ. ಅವನ ಅಬ್ಬರವೆಲ್ಲ ಇಳಿದುಹೋಯಿತು.

“ಅಪಾ,” ಎಂದ. “ಬದುಕಿದ್ದಾರಾ? ಅಷ್ಟು ಹೇಳಿ ಸಾಕು.”

“ಅಯ್ಯೋ ಪೆದ್ದೇ, ಸತ್ತೋರ ಸುದ್ದಿಗೆ ಯಾರಾದ್ರೂ ಸುಯಿಂಶಿ ಕೇಳ್ತಾರಾ? ಮಧ್ಯಾಹ್ನದಿಂದ ಒಳ್ಳೇ ಸುದ್ದಿ, ಒಳ್ಳೇ ಸುದ್ದಿ ಅಂತ ಬಡ್ಕೊಳ್ತಾ ಇದೀನಿ. ಬರೀ ಕೈಲಿ ಕೇಳಿದ್ರೆ ಒಳ್ಳೇದು ಒಳ್ಳೇದಾಗಿ ಉಳಿಯಲ್ಲ ಮಗನೇ. ಒಂದು ಗುಂಡಿ ಕಿತ್ತುಕೊಟ್ಟಿದ್ರೂ ಸಾಕಿತ್ತು.”

ದೋಸಿಮ್ ಕೆಳಗಿಳಿದ. ಗುಂಡಿ ಕೀಳಲಿಲ್ಲ. ಕತ್ತಿನಿಂದ ಕೆಳಗಿನವರೆಗೆ ಜಿಪ್ ಎಳೆದು, ಆ ಬಿಳಿ ದಿರಿಸನ್ನೇ ಕಳಚಿ ಅಜ್ಜಿಯ ಕೈಗಿಟ್ಟ. ಉದ್ದ ಒಳಚಡ್ಡಿ, ಬನಿಯನ್ನಿನಲ್ಲಿ ನಿಂತ. ಹೆಂಗಸರು ಮುಖ ತಿರುಗಿಸಿದರು, ಪೂರ್ತಿ ಅಲ್ಲ.

ಅಜ್ಜಿ ದಿರಿಸನ್ನು ಅಲ್ಲೇ ತನ್ನ ಲಂಗದ ಮೇಲೆಯೇ ತೊಟ್ಟುಕೊಂಡು ಸುದ್ದಿ ಬಿಚ್ಚಿದಳು. ನಿಮ್ಮ ಆರು ಚಕ್ರದ ದೊಡ್ಡ ಗಾಡಿ ನಿಮ್ಮನ್ನು ಹುಡುಕಿಕೊಂಡು ಬಂದಿದೆ. ಆ ಸುದ್ದಿಗೆ ಗ್ಲೆಬ್ ಶಿರಸ್ತ್ರಾಣ ಕೊಟ್ಟ, ಕೈಗೆ ಪಟ್ಟಿ ಕಟ್ಟಿದ್ದಕ್ಕೆ ಲಾರಿಸಾ ಗವಸು ಕೊಟ್ಟಳು. ಇಬ್ಬರೂ ನಿನ್ನ ಗೂಡಿಗೆ ಓಡಿದರು. ನೀನಿರಲಿಲ್ಲ. ಗ್ಲೆಬ್ ತಲೆಯ ಮೇಲೆ ಕೈ ಹೊತ್ತು ಕೂತುಬಿಟ್ಟ.

“ಅಷ್ಟರಲ್ಲಿ ಓಸ್ಪಾನ್ ಹೋಗಿ, ಸುಯಿಂಶಿ, ನಿಮ್ಮೋನು ಬದುಕವ್ನೆ, ಗುಡ್ಡದ ಪಶ್ಚಿಮಕ್ಕೆ ನಡ್ಕೊಂಡು ಹೋಗ್ತಿದ್ದ ಅಂದ. ನಿನ್ನ ಗೆಳೆಯ ಎರಡನೇ ಮಾತು ಕೇಳ್ಲಿಲ್ಲ ಕಣಪ್ಪ, ಗಡಿಯಾರ ಬಿಚ್ಚಿ ಕೊಟ್ಟ. ಆವಾಗಿಂದ ಗಾಡಿ ತಗೊಂಡು ಪಶ್ಚಿಮದ ಬಯಲೆಲ್ಲ ನಿನ್ನ ಹುಡುಕ್ತಾ ಅವ್ರೆ. ಹೊತ್ತು ಮುಳುಗೋದ್ರೊಳಗೆ ಹೊರಡ್ಲೇಬೇಕಂತೆ.”

ದೋಸಿಮ್ ಅತ್ತೇಬಿಟ್ಟ. ನಾಚಿಕೆಯಿಂದ, ಸಂತೋಷದಿಂದ, ಎರಡೂ ಸೇರಿ. ಆಮೇಲೆ ಮೋಟಾರ್‌ಸೈಕಲ್ಲಿನ ಪಕ್ಕದ ತೊಟ್ಟಿಗೆ ಹತ್ತಲು ಹೋದ.

ಅಜ್ಜಿ ಅವನ ಬನಿಯನ್ ಹಿಡಿದೆಳೆದಳು. “ನೀನೇ ಹೋಗಿ ಎದುರಿಗೆ ನಿಂತ್ರೆ ಅದಿನ್ನೇನು ಸುದ್ದಿ? ಇಳಿ. ನೀನು ಸಿಕ್ಕಿದೀಯ ಅನ್ನೋ ಸುದ್ದಿ ಹೇಳೋಳು ನಾನು.”

ಬಿಳಿ ದಿರಿಸಿನ ಅಜ್ಜಿಯನ್ನು ತೊಟ್ಟಿಯಲ್ಲಿ ಕೂರಿಸಿಕೊಂಡು ಓಸ್ಪಾನ್ ಧೂಳೆಬ್ಬಿಸುತ್ತ ಹೋದ. ದೋಸಿಮ್ ಸೂರ್ಯನನ್ನೂ ಬಯಲನ್ನೂ ಸರದಿಯಲ್ಲಿ ನೋಡುತ್ತ ನಿಂತ. ಈ ಸಲ ಯಾರೋ ಬೀಜ ಕೊಟ್ಟಾಗ ತೆಗೆದುಕೊಂಡ.

ಸೂರ್ಯ ಇನ್ನೊಂದು ಮೊಳವಿರುವಾಗ ಗುರುಗುಟ್ಟುತ್ತ ಬಂದದ್ದು ಆರು ಚಕ್ರದ ಗಾಡಿಯೇ! ಓಸ್ಪಾನ್ ಓಡಿಸುತ್ತಿದ್ದ, ಅಜ್ಜಿ ಪಕ್ಕದಲ್ಲಿ ಕೂತು ಹಾರ್ನ್ ಒತ್ತುತ್ತಿದ್ದಳು. ಹಿಂದಿನಿಂದ ಗ್ಲೆಬ್ ಜಿಗಿದ. ಅವನ ಮೈಮೇಲೂ ಒಳಚಡ್ಡಿ, ಬನಿಯನ್ ಮಾತ್ರ. ಇಬ್ಬರೂ ತಬ್ಬಿಕೊಂಡು ಒಬ್ಬರ ಬೆನ್ನು ಒಬ್ಬರು ಬಡಿದರು. ಲಾರಿಸಾ ಪಟ್ಟಿ ಕಟ್ಟಿದ ಕೈಯಲ್ಲೇ ದೋಸಿಮನ ಕಿವಿ ಹಿಂಡಿದಳು.

“ತಪ್ಪಾಯ್ತು ಕಣೋ ಗ್ಲೆಬ್. ಇಡೀ ಚೀಲ ನಿಂಗೇ ಕೊಡ್ಬೇಕಿತ್ತು.”

“ಬಿಡೋ. ಬದುಕಿದೀಯಲ್ಲ, ಸಾಕು.”

“ಸರಿ, ನಡೀರಿ, ಹೊತ್ತು ಮುಳುಗ್ತಿದೆ.” ದೋಸಿಮ್ ಒಂದೇ ನೆಗೆತಕ್ಕೆ ಗಾಡಿ ಹತ್ತಿ, ಅಜ್ಜಿ ಇಳಿದುಹೋದ ಸೀಟಿನಲ್ಲಿ ಕೂತ.

ಓಸ್ಪಾನ್ ಸ್ಟಿಯರಿಂಗ್ ಬಿಡಲಿಲ್ಲ. “ಇಳಿ ತಮ್ಮಾ. ಕುರಿ ತುಂಬಬೇಕು.”

“ಕುರಿನಾ?”

ಗ್ಲೆಬ್ ನೆಲ ನೋಡಿದ. “ಅಪಾ ಬಂದು ಸುಯಿಂಶಿ ಅಂದ್ರು. ನಿನ್ನ ದಿರಿಸು ಅವ್ರ ಮೈಮೇಲೆ ನೋಡಿ ನಂಗೆ ಜೀವವೇ ಹೋಯ್ತು. ನಂದು ತೆಗೆದುಕೊಟ್ಟೆ, ಅದು ಓಸ್ಪಾನನಿಗೆ ಬಿಗಿ. ಕೈಯಲ್ಲಿ ಇನ್ನೇನೂ ಇರ್ಲಿಲ್ಲ. ಗಾಡಿ ಬೀಗದ ಕೈ ಇತ್ತು.”

“ಡ್ರೈವರ್ ಏನ್ಮಾಡ್ತಿದ್ದ?”

“ಮರೆಗೆ ಅಂತ ಹೋಗಿದ್ದ. ನಿಮ್ಮ ಬಯಲಲ್ಲಿ ಮರೆ ಎಲ್ಲಿದೆ? ಬಹಳ ದೂರ ಹೋಗಿದ್ದ. ಈಗ ನಡ್ಕೊಂಡು ಬರ್ತಿರ್ಬೇಕು.”

ಕೊಟ್ಟದ್ದನ್ನು ವಾಪಸು ಕೇಳುವ ಮಾತು ನಮ್ಮಲ್ಲಿಲ್ಲ. ಗ್ಲೆಬನಿಗೆ ಅದು ಗೊತ್ತಿತ್ತು. ದೋಸಿಮನಿಗೂ ಗೊತ್ತಿತ್ತು, ಆದರೆ ಅವನ ಹುಟ್ಟುಗುಣ ಸುಟ್ಟರೂ ಹೋಗುವಂಥದ್ದಲ್ಲ. ಎರಡೂ ಕೈಯಲ್ಲಿ ಸೀಟು ಹಿಡಿದುಕೊಂಡ.

“ಇದು ಸರ್ಕಾರದ ಗಾಡಿ! ಕೊಡೋಕೆ ಇವನ್ಯಾರು, ತಗೊಳ್ಳೋಕೆ ನೀನ್ಯಾರು? ನಾನು ಸತ್ರೂ ಇದರಿಂದ ಇಳಿಯಲ್ಲ!”

“ಇಳಿಯಲ್ವಾ?” ಓಸ್ಪಾನ್ ಒಂದು ಗಳಿಗೆ ಅವನ ಮುಖ ನೋಡಿದ. “ಹಾಗಾದ್ರೆ ಬಿಡು, ಕೂತಿರು.”

ಮೂವತ್ತಾರು ಕುರಿ ಹತ್ತಿದವು. ಹಿಂದೆ ಜಾಗ ಸಾಲದೆ ಒಂದು ಟಗರನ್ನು ದೋಸಿಮನ ತೊಡೆಯ ಮೇಲೆ ಕೂರಿಸಿದರು. ಅವನು ಮುಂದೆ ನೋಡುತ್ತ ಕೂತ. ಬೇಸಿಗೆಯ ಮೇವಿಗೆ ಕುರಿ ಹೊಡೆದುಕೊಂಡು ಹೋದರೆ ಓಸ್ಪಾನ್ ಊರಿಗೆ ಮರಳುವುದು ಶರತ್ಕಾಲಕ್ಕೆ. ಗಾಡಿ ಹೊರಟಿತು.

“ಇಳಿಯೋ ದೋಸಿಮ್! ಇಳಿಯೋ!” ಗ್ಲೆಬ್ ಬರಿಗಾಲಲ್ಲಿ ಗುಡ್ಡದ ತಿರುವಿನವರೆಗೆ ಓಡಿದ. ಧೂಳು ಬಿಟ್ಟು ಏನೂ ಕಾಣಲಿಲ್ಲ. ಏದುಸಿರು ಬಿಡುತ್ತ ವಾಪಸು ಬಂದು ನಮ್ಮೆಲ್ಲರ ಮುಂದೆ ನಿಂತ.

“ಅವರು ಯಾವ ಹುಲ್ಲುಗಾವಲಿಗೆ ಹೋಗ್ತಾರೆ?”

ಅದು ಊರಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಅಲ್ಲಿ ಹುಲ್ಲು ಚೆನ್ನಾಗಿದೆ, ನೀರು ಸಿಹಿ, ದೋಸಿಮನಿಗೆ ಯಾವ ತೊಂದರೆಯೂ ಇಲ್ಲ; ಯಾವ ಕಡೆಯಿಂದ ನೋಡಿದರೂ ಒಳ್ಳೆಯ ಸುದ್ದಿಯೇ. ನಾವು ಗ್ಲೆಬನನ್ನು ನೋಡಿದೆವು. ಗ್ಲೆಬ್ ತನ್ನ ಬನಿಯನ್ ನೋಡಿಕೊಂಡ, ಚಡ್ಡಿ ನೋಡಿಕೊಂಡ, ಆಮೇಲೆ ಲಾರಿಸಾಳ ಕಡೆ ನೋಡಿದ.

“ನನ್ನನ್ನ ಯಾಕೆ ನೋಡ್ತೀಯ?” ಎಂದು ಲಾರಿಸಾ ತನ್ನ ದಿರಿಸಿನ ಜಿಪ್ಪನ್ನು ಕತ್ತಿನವರೆಗೂ ಎಳೆದುಕೊಂಡಳು.