ಪ್ರಿಸಂ ದೇವರು ಮತ್ತು ಎಮ್ಮೆಸ್ಸಿ ಸೀಟು

ಶಿವರಂಜಿನಿಗೂ ಎಮ್ಮೆಸ್ಸಿ ಭೌತಶಾಸ್ತ್ರಕ್ಕೂ ನಡುವೆ ಅಡ್ಡ ನಿಂತದ್ದು ಹೆಬ್ಬೆರಳು ಗಾತ್ರದ, ಮೂರು ಮೂಲೆಯ ಒಂದು ಗಾಜಿನ ತುಂಡು.

ಉಳಿದದ್ದೆಲ್ಲ ಅವಳ ಹತ್ತಿರ ಇತ್ತು. ಬಿಎಸ್ಸಿಯಲ್ಲಿ ಭೌತಶಾಸ್ತ್ರದ ಜೊತೆ ಗಣಿತವನ್ನೂ ಓದಿರಬೇಕು ಎಂದಿದ್ದರು, ಓದಿದ್ದಳು. ಐವತ್ತು ಪರ್ಸೆಂಟ್ ಬೇಕು ಎಂದಿದ್ದರು, ಎಪ್ಪತ್ತೊಂದು ಇತ್ತು. ಪ್ರವೇಶ ಪರೀಕ್ಷೆಯಲ್ಲಿ ಹದಿನಾಲ್ಕನೇ ರ‍್ಯಾಂಕು ಬಂದಿತ್ತು. ಮಂಗಳವಾರ ಸಂಜೆ ಚಾಮರಾಜನಗರದ ಸ್ನಾತಕೋತ್ತರ ಕೇಂದ್ರ ಪಟ್ಟಿ ಹಾಕಿತು, ಅದರಲ್ಲಿ ಅವಳ ಹೆಸರಿತ್ತು. ಬುಧವಾರ ನಾಲ್ಕೂವರೆಯೊಳಗೆ ಆರು ಸೆಮಿಸ್ಟರಿನ ಅಂಕಪಟ್ಟಿ, ಮೂಲ ಟಿ.ಸಿ. ಕೊಟ್ಟರೆ ಸೀಟು ಅವಳದು. ಇಲ್ಲದಿದ್ದರೆ ಹದಿನೈದನೇ ರ‍್ಯಾಂಕಿನವರದು.

ಟಿ.ಸಿ. ಇದ್ದದ್ದು ಅವಳು ಓದಿದ ಗುಂಡ್ಲುಪೇಟೆಯ ಕಾಲೇಜಿನಲ್ಲಿ. ಅದನ್ನು ಕೊಡುವ ಮೊದಲು ‘ಬಾಕಿ ಇಲ್ಲ’ ಎಂಬ ಹಾಳೆಗೆ ಎಲ್ಲ ವಿಭಾಗದವರೂ ಸಹಿ ಹಾಕಬೇಕು. ಬುಧವಾರ ಬೆಳಿಗ್ಗೆ ಲೈಬ್ರರಿ, ಕ್ರೀಡೆ, ರಸಾಯನಶಾಸ್ತ್ರ ಎಲ್ಲ ಮುಗಿಸಿ ಅವಳು ಫಿಸಿಕ್ಸ್ ಲ್ಯಾಬಿಗೆ ಬಂದಾಗ ಅಟೆಂಡರ್ ಶಾಂತರಾಜು ಸ್ಟಾಕ್ ರಿಜಿಸ್ಟರ್ ತೆರೆದ.

“ಪ್ರಿಸಂ ಒಂದು. ಶಿವರಂಜಿನಿ, ಹರವೆ. ಎಲ್ಲವ್ವ ಅದು?”

“ಮನೇಲೈತೆ ಅಣ್ಣ. ಅದರ ದುಡ್ಡು ಕಟ್ಬುಡ್ತೀನಿ.”

“ದುಡ್ಡು ತಕಂಡು ನಾನೇನ್ ಮಾಡ್ಲಿ? ಆಡಿಟ್‌ನೋರು ಬಂದು ಬೀರು ತೆಗ್ಸುದ್ರೆ ನೋಟಲ್ಲಿ ಬೆಳಕು ಬಗ್ಸಿ ತೋರ್ಸನಾ? ಗಾಜು ತತ್ತಾ, ಸಹಿ ತಕಂಡೋಗು.”

ಆ ಗಾಜು ಮನೆಗೆ ಹೋದ ಕತೆ ಸಣ್ಣದು. ಆರು ತಿಂಗಳ ಹಿಂದೆ ಅಜ್ಜಿ ಚಿಕ್ಕನಿಂಗಮ್ಮನಿಗೆ ಕಣ್ಣಿನ ಪೊರೆ ತೆಗೆದಿದ್ದರು. ಹೊಸ ಕಣ್ಣಿಗೆ ಏಳು ಬಣ್ಣ ತೋರಿಸೋಣ ಎಂಬ ಆಸೆಯಿಂದ ಶಿವರಂಜಿನಿ ಎರಡು ದಿನಕ್ಕೆಂದು ಪ್ರಿಸಂ ಕೇಳಿ ತಂದಳು. ಬೆಳಗಿನ ಬಿಸಿಲಿಗೆ ಹಿಡಿದಳು. ಬಣ್ಣಗಳು ಹೋಗಿ ನೇರವಾಗಿ ಗೋಡೆಯ ಮೇಲಿದ್ದ ಮಾದಪ್ಪನ ಪಟದ ಮೇಲೆ ಬಿದ್ದವು. ಅಜ್ಜಿ ಕೈಮುಗಿದಳು. ಅಂದಿನಿಂದ ಪ್ರಿಸಂ ದೇವರ ಗೂಡು ಸೇರಿತು. ಪಕ್ಕದ ಮನೆಯ ಮಲ್ಲಾಜಮ್ಮನ ಹಸು ಗಬ್ಬವಾಗಿದ್ದೂ ಅದರಿಂದಲೇ ಎಂದು ಬೀದಿಯಲ್ಲಿ ಸುದ್ದಿಯಾಯಿತು. ಕಿಟಕಿಯ ಹತ್ತಿರ ಬೆಳಿಗ್ಗೆ ನಾಲ್ಕಾರು ಜನ ನಿಲ್ಲತೊಡಗಿದರು. ಹರಕೆಯ ಕಲ್ಲುಸಕ್ಕರೆ ಡಬ್ಬಿಗಟ್ಟಲೆ ತುಂಬಿತು.

ಹನ್ನೊಂದು ಗಂಟೆಗೆ ಶಿವರಂಜಿನಿ ತನ್ನೂರು ಹರವೆಯಲ್ಲಿ ಬಸ್ಸಿಳಿದು ಮನೆಗೆ ಓಡಿ ಬಂದು ವಿಷಯ ಹೇಳುವಷ್ಟರಲ್ಲಿ ಬೀದಿಗೆ ಬೀದಿಯೇ ಬಾಗಿಲಿಗೆ ಬಂತು.

“ದೇವ್ರ ಎತ್ಕಂಡೋಗಿ ಕಾಲೇಜಿಗೆ ಕೊಟ್ಟಾಳಂತೆ!” ಎಂದಳು ಮಲ್ಲಾಜಮ್ಮ. “ನಮ್ ಹಸ ಇನ್ನೂ ಈದಿಲ್ಲ ಕಣಮ್ಮಿ. ಇನ್ನೊಂದ್ ಮೂರ್ನಾಲ್ಕ್ ತಿಂಗ್ಳು ತಡಿ.”

ಸೊಸೈಟಿಯಲ್ಲಿ ಗುಮಾಸ್ತನಾಗಿ ನಿವೃತ್ತನಾದ ಪುಟ್ಟಮಲ್ಲಪ್ಪ ಊರಿಗೆಲ್ಲ ಬುದ್ಧಿ ಹೇಳುವ ಕೆಲಸದಿಂದ ಮಾತ್ರ ನಿವೃತ್ತನಾಗಿರಲಿಲ್ಲ. “ಎಮ್ಮೆಸ್ಸಿ ಯಾಕವ್ವ ನಿಂಗೆ? ಬಿ.ಎಡ್. ಮಾಡು, ಟೀಚರ್ ಆಗು. ನಮ್ಮ ಮಗ್ಳು ಅನುಗೂ ನಾನು ಅದ್ನೇ ಏಳಿರದು. ಓದ್ಲೇಬೇಕು ಅಂದ್ರೆ ಮನೇಲೇ ಕುಂತ್ಕಂಡು ಅಂಚೆ ಮೂಲಕ ಕಟ್ಟು.”

“ಲ್ಯಾಬೇ ಇಲ್ದೆ ಫಿಸಿಕ್ಸ್ ಆಯ್ತದಾ ಮಾವ? ಅಂಚೇಲಿ ಈಜು ಕಲ್ತಂಗಾಯ್ತದೆ.”

“ಎರಡು ವರ್ಷ ಆಯ್ತದಲ್ಲ? ಅಷ್ಟೊತ್ಗೆ ಗಂಡು ಸಿಕ್ಕಾನಾ?”

ಶಿವರಂಜಿನಿಗೆ ನೆತ್ತಿಗೇರಿತು. “ಈ ಬೀದೀಲಿ ಹೆಣ್ಮಕ್ಳಿಗೆ ಎರಡೇ ದಾರಿ. ಬಿ.ಎಡ್ಡು, ಇಲ್ಲಾಂದ್ರೆ ಮದ್ವೆ. ನಾನು ಮೂರನೇದ್ರಲ್ಲಿ ಹೋಗೇ ಹೋಯ್ತೀನಿ. ಯಾರು ಅಡ್ಡ ನಿಲ್ತೀರೋ ನಿಂತ್ಕಳಿ!”

ಬೀದಿಯವರು ಒಂದು ಹೆಜ್ಜೆ ಹಿಂದೆ ಸರಿದರು. ಅಜ್ಜಿ ಮಾತ್ರ ಗೂಡಿನ ಮುಂದೆ ಕಾಲು ಚಾಚಿ ಕೂತೇ ಇದ್ದಳು.

“ಅಜ್ಜಿ, ಅದು ದೇವ್ರಲ್ಲ. ಬಿಸ್ಲೊಳಗೇ ಏಳು ಬಣ್ಣ ಅವೆ. ಗಾಜೊಳಕ್ಕೆ ನುಗ್ಗಿದಾಗ ಒಂದೊಂದು ಬಣ್ಣ ಒಂದೊಂದಷ್ಟು ಬಗ್ತದೆ.”

“ಬಗ್ಲಿ. ಯಾರ ಮುಂದೆ ಬಗ್ತದೆ ಏಳು? ಮಾದಪ್ಪನ ಮುಂದೆ ತಾನೆ?” ಎಂದಳು ಅಜ್ಜಿ. ಆಮೇಲೆ ದನಿ ಇಳಿಸಿದಳು. “ಕಣ್ಣು ಬಂದ ಮೇಲೆ ಮೊದ್ಲು ಕಂಡಿದ್ದು ಅದ್ನೇ ಕಣಮ್ಮಿ. ಅದ್ನೆಂಗೆ ಕೊಡ್ಲಿ?”

ಶಿವರಂಜಿನಿಯ ಕಣ್ಣು ತುಂಬಿತು. ಸಿಟ್ಟಿಗೋ ಸಂಕಟಕ್ಕೋ ಅವಳಿಗೇ ಗೊತ್ತಾಗಲಿಲ್ಲ. “ನಾಲ್ಕೂವರೆ ಆದ್ರೆ ನನ್ ಸೀಟು ಹೋಯ್ತದೆ ಅಜ್ಜಿ,” ಎಂದಷ್ಟೇ ಹೇಳಿದಳು.

ಅಜ್ಜಿ ಮೊಮ್ಮಗಳ ಮುಖವನ್ನು ಒಂದು ಗಳಿಗೆ ನೋಡಿದಳು. “ಆಯ್ತು, ಅಳ್ಬೇಡ. ಎಲ್ರೂ ಆಚೆ ನಿಂತ್ಕಳಿ. ದೇವ್ರ ಎಬ್ಬಿಸೋವಾಗ ನೋಡಬಾರ್ದು.”

ಬಾಗಿಲು ಹಾಕಿಕೊಂಡಳು. ಐದು ನಿಮಿಷಕ್ಕೆ ಅರಿಶಿನದ ಬಟ್ಟೆಯ ಗಂಟೊಂದನ್ನು ಮೊಮ್ಮಗಳ ಕೈಗಿಟ್ಟಳು. “ದಾರೀಲಿ ಬಿಚ್ಬೇಡ. ಮೀಯ್ದೆ ಇದ್ದೋರು, ಬಾಡು ತಿಂದೋರು ಬಿಚ್ಚುದ್ರೆ ಕಣ್ಣೋಯ್ತವೆ.”

ಇಷ್ಟು ಸುಲಭವಾಗಿ ಅಜ್ಜಿ ಒಪ್ಪಿದ್ದು ಹೇಗೆ ಎಂದು ಯೋಚಿಸಲು ಸಮಯವಿರಲಿಲ್ಲ, ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಸೀಟಿನಲ್ಲಿ ಕೂತು ಬಟ್ಟೆಯ ಮೇಲಿಂದಲೇ ಒತ್ತಿ ನೋಡಿದಳು. ಗಟ್ಟಿಯಾಗಿತ್ತು, ಮೂಲೆಗಳು ಕೈಗೆ ಚುಚ್ಚಿದವು. ಲ್ಯಾಬಿನಲ್ಲಿ ಒಂದು ಅಳತೆಗೆ ಮೂರು ಸಲ ರೀಡಿಂಗ್ ತೆಗೆಯುತ್ತಿದ್ದ ಹುಡುಗಿ ಅಂದು ಒಂದಕ್ಕೇ ತೃಪ್ತಳಾದಳು.

ಗುಂಡ್ಲುಪೇಟೆ ತಲುಪಿದರೆ ಶಾಂತರಾಜು ಇಲ್ಲ. ಯಾರದೋ ಬೀಗರೂಟಕ್ಕೆ ಹೋಗಿದ್ದವನು ಎರಡೂಕಾಲು ಗಂಟೆಗೆ ಎಲೆಅಡಿಕೆ ಜಗಿಯುತ್ತ ಬಂದ.

“ಬಿಚ್ಚವ್ವ, ನೋಡನ.”

“ನೀವೇ ಬಿಚ್ಚಿ ಅಣ್ಣ. ಪೂಜೆ ಮಾಡಿರದು. ಬಾಡು ತಿಂದೋರು ಮುಟ್ಟಿದ್ರೆ ಕಣ್ಣೋಯ್ತವೆ ಅಂತ ಅಜ್ಜಿ ಹೇಳೌಳೆ. ಅದೆಲ್ಲ ಸುಳ್ಳು, ಬಿಚ್ಚಿ.”

ಶಾಂತರಾಜು ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡ. ಬೀಗರೂಟದ ಎರಡು ಸುತ್ತಿನ ಕುರಿಬಾಡು ಅವನ ಹೊಟ್ಟೆಯಲ್ಲಿ ಇನ್ನೂ ಬಿಸಿಯಾಗಿತ್ತು. “ಬ್ಯಾಡ ಬುಡು. ನೀನೇ ಬೀರುಲಿಟ್ಬುಡು,” ಎಂದು ದೂರದಿಂದಲೇ ಕೈಮುಗಿದು ಸಹಿ ಹಾಕಿದ. ಮೂಢನಂಬಿಕೆಯ ಮೇಲೆ ಕಾಲೇಜಿನಲ್ಲಿ ಭಾಷಣ ಮಾಡಿ ಬಹುಮಾನ ಪಡೆದಿದ್ದ ಶಿವರಂಜಿನಿ ಅಂದು ಮಾತ್ರ ವಾದಕ್ಕೆ ನಿಲ್ಲದೆ ಗಂಟನ್ನು ಬೀರುವಿನಲ್ಲಿಟ್ಟು, ಹಾಳೆ ಎತ್ತಿಕೊಂಡು ಓಡಿದಳು.

ಟಿ.ಸಿ. ಕೈಗೆ ಬಂದಾಗ ಎರಡೂ ಮುಕ್ಕಾಲು. ಚಾಮರಾಜನಗರದ ಬಸ್ಸು ತೆರಕಣಾಂಬಿ ದಾಟಿ ಟೈರು ಪಂಕ್ಚರ್ ಮಾಡಿಕೊಂಡು ನಿಂತಿತು. ಅವಳು ನಿಲ್ಲಲಿಲ್ಲ. ಬಾಳೆಗೊನೆ ತುಂಬಿದ್ದ ಗೂಡ್ಸ್ ಆಟೊಗೆ ಅಡ್ಡ ನಿಂತು, ಹತ್ತಿ, ಗೊನೆಗಳ ನಡುವೆ ಹದಿನಾಲ್ಕನೇ ಗೊನೆಯಂತೆ ಕೂತಳು. ನಾಲ್ಕೂ ಇಪ್ಪತ್ತೈದಕ್ಕೆ ಕೌಂಟರಿನ ಮುಂದಿದ್ದಳು. ಗುಮಾಸ್ತೆ ನಯನಾ ದಾಖಲೆಗಳನ್ನು ಒಂದೊಂದಾಗಿ ತಿರುವಿ, ಟಿ.ಸಿ.ಗೆ ಅಂಟಿದ್ದ ಬಾಳೆಯ ಸೊನೆಯನ್ನು ಒರೆಸಿ, ಪ್ರವೇಶದ ರಸೀತಿ ಕೊಟ್ಟಳು. ಶಿವರಂಜಿನಿ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಒಬ್ಬಳೇ ನಕ್ಕಳು. ಅಂಥ ಖುಷಿ ಅವಳಿಗೆ ಹಿಂದೆಂದೂ ಆಗಿರಲಿಲ್ಲ.

ಸಂಜೆ ಹರವೆಯ ಮನೆಯ ಹೊಸ್ತಿಲು ತುಳಿದು ರಸೀತಿ ಎತ್ತಿ ಹಿಡಿದಳು. “ನೋಡಜ್ಜಿ, ಸೀಟು!”

“ದೇವ್ರು ಕೊಟ್ತು,” ಎಂದಳು ಅಜ್ಜಿ.

“ದೇವ್ರಲ್ಲ, ನನ್ ರ‍್ಯಾಂಕು!”

ಅಷ್ಟರಲ್ಲಿ ಫೋನು ಬಂತು. ಶಾಂತರಾಜು ಆ ಕಡೆಯಿಂದ ಕೂಗಿದ.

“ಅಮ್ಮಿ, ನಿಮ್ ದೇವ್ರಿಗೆ ಇರ್ವೆ ಮುತ್ಕಂಡವೆ ಕಣಮ್ಮಿ!”

“ಗಾಜಿಗೆ ಇರ್ವೆ ಮುತ್ತಾವಾ ಅಣ್ಣ?”

“ಅದ್ನೇ ನಾನು ಕೇಳ್ತಿರದು! ಸ್ನಾನ ಮಾಡ್ಕಂಡ್ ಬಂದು ಬಿಚ್ಚುದ್ರೆ ಕಲ್ಲುಸಕ್ರೆ! ಪ್ರಿನ್ಸಿಪಾಲ್ರು ನೋಡ್ಬುಟ್ರು. ನಾಳೆ ಹತ್ತು ಗಂಟೆ ಒಳಗೆ ಪ್ರಿಸಂ ಬರ್ನಿಲ್ಲ ಅಂದ್ರೆ ಚಾಮರಾಜನಗರಕ್ಕೆ ಫೋನ್ ಮಾಡಿ ನಿನ್ ಟಿ.ಸಿ. ರದ್ದು ಮಾಡಿಸ್ತಾರಂತೆ.”

ಶಿವರಂಜಿನಿ ದೇವರ ಗೂಡಿನ ಕಡೆ ತಿರುಗಿದಳು. ಪ್ರಿಸಂ ಹೊಸ ಕುಂಕುಮ ಹಚ್ಚಿಸಿಕೊಂಡು ಇದ್ದಲ್ಲೇ ಇತ್ತು.

“ಅಜ್ಜಿ!”

“ನಿಂಗೆ ಸೀಟು ಬೇಕಿತ್ತು, ನಂಗೆ ದೇವ್ರು ಬೇಕಿತ್ತು. ಎರಡೂ ಆಯ್ತಲ್ಲ?” ಎಂದಳು ಅಜ್ಜಿ, ಒಂದಿಷ್ಟೂ ಅಳುಕದೆ. “ಈಗಂತೂ ಕೊಡಕಿಲ್ಲ. ಸೀಟು ಕೊಡ್ಸಿದ್ ದೇವ್ರ ಯಾರಾರ ಮನೆಯಿಂದ ಆಚೆ ಕಳಿಸ್ತಾರಾ?”

ಬಾಗಿಲಲ್ಲಿ ಗದ್ದಲವಾಯಿತು. ಸೀಟು ಸಿಕ್ಕ ಸುದ್ದಿ ಬೀದಿ ಮುಟ್ಟಿತ್ತು. ಎಲ್ಲರಿಗಿಂತ ಮುಂದೆ ಪುಟ್ಟಮಲ್ಲಪ್ಪ. ಒಂದು ಕೈಯಲ್ಲಿ ಮಗಳ ಅಂಕಪಟ್ಟಿ, ಇನ್ನೊಂದರಲ್ಲಿ ಪೊಟ್ಟಣ.

“ಬಿ.ಎಡ್. ಬ್ಯಾಡ ಕಣವ್ವ. ನಮ್ಮ ಅನುಗೂ ಎಮ್ಮೆಸ್ಸಿ ಸೀಟೇ ಆಗ್ಲಿ ಅಂತ ಹರಕೆ ಕಟ್ಕಬುಟ್ಟೆ. ಒಂದು ವರ್ಷ ಈ ದೇವ್ರ ಅಲುಗಿಸ್ಬೇಡ.”

ಶಿವರಂಜಿನಿ ದುಪಟ್ಟಾವನ್ನು ಸೊಂಟಕ್ಕೆ ಬಿಗಿದಳು. “ಫಿಸಿಕ್ಸ್ ನಾನು ಬಿಡಲ್ಲ. ನಾಳೆ ಮೊದಲ್ನೇ ಬಸ್ಸಿಗೆ ಗಾಜು ಬರ್ಬೇಕು. ಇಲ್ಲಾಂದ್ರೆ ರಿಜಿಸ್ಟ್ರಲ್ಲಿ ಪ್ರಿಸಂ ಹೊಡ್ದಾಕ್ಸಿ, ಅಜ್ಜಿ ಒಂದು ಅಂತ ಬರ್ಸಿ, ನಿನ್ನೇ ಆ ಬೀರುಲಿ ಕೂರಿಸ್ಬತ್ತೀನಿ!”

“ಕೂರ್ಸು,” ಎಂದಳು ಅಜ್ಜಿ. “ಬೆಳಿಗ್ಗೆ ಬಿಸ್ಲು ಬೀಳೋ ಕಡೆ ನೋಡಿ ಕೂರ್ಸು. ದೇವ್ರ ನಾನೇ ಮಡ್ಲಲ್ಲಿ ಇಟ್ಕಂಡ್ ಬತ್ತೀನಿ, ಕೊಡಾಕೆ ಮಾತ್ರ ಅಲ್ಲ.”

ಅಷ್ಟರಲ್ಲಿ ಪುಟ್ಟಮಲ್ಲಪ್ಪ ಅನುವಿನ ಅಂಕಪಟ್ಟಿಯನ್ನು ಪ್ರಿಸಂ ಕೆಳಗೆ ತೂರಿಸಿ, ಹಾರದಿರಲೆಂದು ಮೇಲೆ ಅರ್ಧ ಕೆಜಿ ಕಲ್ಲುಸಕ್ಕರೆ ಸುರಿದಿದ್ದ.